ನಮ್ಮ ಅಂಗಡಿಗೆ ನಾವೇ ಯಜಮಾನರಾದಾಗ



ಕಾರ್ಯಕ್ರಮ ಮುಗಿದು ಹೆಡ್‌ಫೋನ್ ಕೆಳಗಿಟ್ಟ ಮೇಲೆ ನಮಗೆ ಬರುವ ಫೋನ್ ಕರೆಗಳಲ್ಲಿ ಹೆಚ್ಚಿನವು ಹಾಡಿನ ಕೋರಿಕೆಗಳು. ಇನ್ನು ಕೆಲವು, ಹೋದ ವಾರ ನೀವು ನಮ್ಮೂರಿನ ಹೆಸರನ್ನು ತಪ್ಪಾಗಿ ಹೇಳಿದಿರಿ ಎಂಬ ಅಕ್ಕರೆಯ ಗದರಿಕೆಗಳು. ಕಳೆದ ಆಷಾಢದಲ್ಲಿ ಬಂದ ಒಂದು ಕರೆ ಇವೆರಡೂ ಆಗಿರಲಿಲ್ಲ. ಮಾತಾಡಿದವರು ಘಾಟ್‌ಕೋಪರ್‌ನ ಒಂದು ಚಾಳಿನಲ್ಲಿ, ಮನೆಯಲ್ಲೇ ಬ್ಲೌಸ್ ಹೊಲಿಯುವ ಸೋದರಿ. ತವರು ಬೆಟಗೇರಿ. ನನಗಿಂತ ಏಳೆಂಟು ವರ್ಷ ದೊಡ್ಡವರಾದರೂ ನನ್ನನ್ನೇ ‘ಅಕ್ಕಾರ’ ಎಂದು ಕರೆದು ಹೇಳಿದರು:

“ಅಕ್ಕಾರ, ನಾ ಹತ್ತು ವರ್ಷ ಗಾರ್ಮೆಂಟ್‌ನ್ಯಾಗ ದುಡದೇನ್ರಿ. ಒಂದ ದಿನಾ ತಡಾ ಮಾಡಿ ಹೋದಾಕಿ ಅಲ್ಲ. ಈಗ ಮಷಿನ್ ನಂದ, ಮನಿ ನಂದ, ಯಾರೂ ಕೇಳವರಿಲ್ಲ. ಆದರ ಹನ್ನೊಂದಾದ್ರೂ ಮಷಿನ್ ಮುಂದ ಕುಂದ್ರಾಕ ಮನಸ್ಸ ಬರೂದಿಲ್ಲ. ನಾ ಏನ್ ಮೈಗಳ್ಳಿ ಆಗೇನೇನ್ರಿ?”

ಮಷಿನ್ ಮತ್ತು ಓವರ್‌ಲಾಕ್ ಕೊಳ್ಳಲು ಅವರು ಎರಡು ಬಳೆ ಅಡವಿಟ್ಟಿದ್ದರು. ಎಂಟು ತಿಂಗಳಾಗಿತ್ತು. ಇನ್ನೊಂದು ತಿಂಗಳು ನೋಡಿ, ಮತ್ತೆ ಗಾರ್ಮೆಂಟಿಗೇ ಸೇರಿಬಿಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದರು. ನಾನು ಒಂದೇ ಸಲಕ್ಕೆ ಉತ್ತರ ಹೇಳಲಿಲ್ಲ. ರೇಡಿಯೋ ಕೆಲಸ ನನಗೆ ತಿಂಗಳಿಗೆ ಕೆಲವೇ ದಿನ. ಉಳಿದ ದಿನಗಳಲ್ಲಿ ನಾನೂ ಮನೆಯಲ್ಲಿ ಕುಳಿತು ಅನುವಾದ, ಜಾಹೀರಾತಿಗೆ ದನಿ ಕೊಡುವುದು ಹೀಗೆ ಒಬ್ಬಳೇ ದುಡಿಯುವವಳು. ಅವರ ಪ್ರಶ್ನೆ ನನ್ನ ಪ್ರಶ್ನೆಯೂ ಆಗಿತ್ತು. ಮುಂದೆ ನಾಲ್ಕೈದು ಬಾರಿ ಫೋನಿನಲ್ಲಿ, ಒಮ್ಮೆ ಅವರ ಮನೆಯಲ್ಲೇ ಚುರುಮುರಿ ತಿನ್ನುತ್ತಾ ಮಾತಾಡಿದ್ದನ್ನು, ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ, ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಡಬ್ಬಿ ಮಾಡಿಕೊಡುವವರು, ಟ್ಯೂಷನ್ ಹೇಳುವವರು, ಲೆಕ್ಕ ಬರೆಯುವವರು, ಕಂಪ್ಯೂಟರ್ ರಿಪೇರಿಯವರು ನಮ್ಮ ಕೇಳುಗರಲ್ಲಿ ಎಷ್ಟೋ ಜನ ಇದ್ದೀರಿ. ಹೊಲಿಗೆಯ ಜಾಗದಲ್ಲಿ ನಿಮ್ಮ ಕೆಲಸವನ್ನು ಇಟ್ಟು ಓದಿಕೊಳ್ಳಿ.

ಮೊದಲು ‘ಮೈಗಳ್ಳಿ’ ಎಂಬ ಮಾತು. ಹತ್ತು ವರ್ಷ ತಪ್ಪದೆ ಕೆಲಸಕ್ಕೆ ಹೋದವರು ಎಂಟು ತಿಂಗಳಲ್ಲಿ ಮೈಗಳ್ಳರಾಗುತ್ತಾರೆಯೇ? ಗಾರ್ಮೆಂಟಿನಲ್ಲಿ ಅವರಿಗೆ ಸಂಬಳದ ಜೊತೆಗೆ ಇನ್ನೇನು ಸಿಗುತ್ತಿತ್ತು ಎಂದು ಕೇಳಿದೆ. ಏನೂ ಇಲ್ಲ, ಬೈಗುಳ ಸಿಗುತ್ತಿತ್ತು ಎಂದು ನಕ್ಕರು. ಆದರೆ ಸಿಗುತ್ತಿತ್ತು. ಬೆಳಗ್ಗೆ ಗೇಟು ಮುಚ್ಚುವ ಸಮಯವೊಂದಿತ್ತು. ಇವತ್ತು ಯಾವ ಕೆಲಸ ಎಂದು ಇನ್ಯಾರೋ ನಿರ್ಧರಿಸಿರುತ್ತಿದ್ದರು, ಬಟ್ಟೆ ಕತ್ತರಿಸಿ ಕಟ್ಟಾಗಿ ಮುಂದೆ ಬಂದು ಬೀಳುತ್ತಿತ್ತು. ಎಡಕ್ಕೆ ಬಲಕ್ಕೆ ಇನ್ನಿಬ್ಬರು ಹೊಲಿಯುತ್ತಿದ್ದರು, ಅವರ ಕೈ ಓಡಿದರೆ ಇವರ ಕೈಯೂ ಓಡುತ್ತಿತ್ತು. ಚಹದ ಗಂಟೆ, ಊಟದ ಗಂಟೆ, ಮನೆಗೆ ಹೋಗುವ ಗಂಟೆ ಇತ್ತು. ತಿಂಗಳಿಗೊಂದು ದಿನ ಹಣ ಕೈಗೆ ಬರುತ್ತಿತ್ತು. ಕೆಲಸ ಬಿಟ್ಟ ದಿನ ಇವೆಲ್ಲ ಒಟ್ಟಿಗೇ ಹೋದವು. ಈಗ ಗೇಟ್‌ಮನ್, ಸೂಪರ್‌ವೈಸರ್, ಕಟಿಂಗ್ ಮಾಸ್ತರ್, ಟೇಲರ್, ಗುಮಾಸ್ತ ಎಲ್ಲರೂ ಅವರೊಬ್ಬರೇ. ಬೆಳಗ್ಗೆ ಎದ್ದು ಹೊಲಿಯುವ ಮೊದಲೇ ಇಪ್ಪತ್ತು ತೀರ್ಮಾನ ಮಾಡಬೇಕು. ಅದರಲ್ಲೇ ಹನ್ನೊಂದಾಗುತ್ತದೆ.

ನನ್ನದೂ ಇದೇ ಕತೆ. ಸ್ಟುಡಿಯೋದಲ್ಲಿ ಕೆಂಪು ದೀಪ ಹೊತ್ತಿತೆಂದರೆ ಮುಗಿಯಿತು. ನೆಗಡಿ ಇರಲಿ, ಮನೆಯ ಚಿಂತೆ ಇರಲಿ, ನಮಸ್ಕಾರ ಎನ್ನಲೇಬೇಕು, ಏಕೆಂದರೆ ಆ ಕ್ಷಣಕ್ಕೆ ನೀವು ಅಲ್ಲಿ ಕಾದಿರುತ್ತೀರಿ. ಅದೇ ನಾನು ಮನೆಗೆ ಬಂದರೆ ಬೇರೆಯೇ ಹೆಂಗಸು. ಒಮ್ಮೆ ನಲವತ್ತು ಪುಟದ ಕೈಪಿಡಿಯೊಂದನ್ನು ಅನುವಾದಿಸಲು ಹತ್ತು ದಿನ ಕೊಟ್ಟಿದ್ದರು. ಏಳು ದಿನ ಮೇಜು ಸರಿಪಡಿಸಿದೆ, ನಿಘಂಟು ಹುಡುಕಿದೆ, ಬೀರು ಜೋಡಿಸಿದೆ. ಕೊನೆಯ ಎರಡು ರಾತ್ರಿ ನಿದ್ದೆಗೆಟ್ಟು ಮುಗಿಸಿದೆ. ಆ ಭರದಲ್ಲಿ ಹತ್ತು ಲಕ್ಷ ಎಂದಾಗಬೇಕಾದಲ್ಲಿ ಒಂದು ಲಕ್ಷ ಎಂದು ಬರೆದಿದ್ದೆ. ಆ ಗ್ರಾಹಕರು ಒಂದು ಮಾತೂ ಬೈಯಲಿಲ್ಲ. ಮತ್ತೆ ಕರೆಯಲೂ ಇಲ್ಲ.

ಸಿರಿಲ್ ನಾರ್ತ್‌ಕೋಟ್ ಪಾರ್ಕಿನ್ಸನ್ ಎಂಬ ಇಂಗ್ಲೆಂಡಿನ ಇತಿಹಾಸಕಾರರು 1955ರಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆಯಲ್ಲಿ ಒಂದು ತಮಾಷೆಯ ಲೇಖನ ಬರೆದರು. ಕೆಲಸಕ್ಕೆ ಎಷ್ಟು ಸಮಯ ಕೊಡುತ್ತೇವೋ ಅದು ಅಷ್ಟಕ್ಕೂ ಹಿಗ್ಗಿಕೊಳ್ಳುತ್ತದೆ ಎನ್ನುವುದು ಅದರ ಸಾರ. ಬಿಡುವಾಗಿರುವ ಅಜ್ಜಿಯೊಬ್ಬಳು ಸೋದರಸೊಸೆಗೆ ಒಂದು ಅಂಚೆ ಕಾರ್ಡು ಬರೆಯಲು ಇಡೀ ದಿನ ತೆಗೆದುಕೊಳ್ಳುತ್ತಾಳೆ. ಕಾರ್ಡು ಹುಡುಕಲು ಒಂದು ಗಂಟೆ, ಕನ್ನಡಕ ಹುಡುಕಲು ಇನ್ನೊಂದು. ಪುರುಸೊತ್ತಿಲ್ಲದವನಿಗೆ ಅದು ಮೂರು ನಿಮಿಷದ ಕೆಲಸ. ಪಾರ್ಕಿನ್ಸನ್ ಗೇಲಿ ಮಾಡಿದ್ದು ಸರ್ಕಾರಿ ಕಚೇರಿಗಳನ್ನು, ಆದರೆ ಅಜ್ಜಿಯ ಆ ದಿನ ನನ್ನ ಬೀರುವಿನ ಏಳು ದಿನಗಳ ಹಾಗೇ ಇದೆ.

ನಮ್ಮ ಸೋದರಿ ಎಲ್ಲ ಬ್ಲೌಸಿಗೂ “ಎಂಟು ದಿನ ಬಿಟ್ಟು ಬರ್ರಿ” ಎನ್ನುತ್ತಿದ್ದರು. ಹೀಗಾಗಿ ಎಲ್ಲವೂ ಏಳನೆಯ ದಿನದ ರಾತ್ರಿಗೆ ಬಂದು ಸೇರುತ್ತಿದ್ದವು. ನಾನು ಅವರ ಮನೆಗೆ ಹೋದಾಗ ಕೇಳಿದೆ, ನಿಮ್ಮ ಅಪ್ಪ ಏನು ಮಾಡುತ್ತಿದ್ದರು? ನೇಕಾರರು. ಮನೆಯೊಳಗೇ ಕುಣಿಮಗ್ಗ. ಅಂದರೆ ಮನೆಯಲ್ಲಿ ಕುಳಿತು ಒಬ್ಬರೇ ದುಡಿಯುವುದು ಅವರ ಕುಟುಂಬಕ್ಕೆ ಹೊಸದಲ್ಲ! ಹಾಗಾದರೆ ಅಪ್ಪ ಬೆಳಗ್ಗೆ ಹೇಗೆ ಏಳುತ್ತಿದ್ದರು? ಅವರು ಸ್ವಲ್ಪ ಯೋಚಿಸಿ ಹೇಳಿದರು: “ಸಾವ್ಕಾರ ನೂಲು ಕೊಡ್ತಿದ್ದ. ವಾರಕ್ಕೊಮ್ಮೆ ಸೀರಿ ಮುಟ್ಟಸಬೇಕಿತ್ತು. ಓಣ್ಯಾಗ ಎಲ್ಲಾರ ಮನ್ಯಾಗೂ ಮಗ್ಗದ ಸಪ್ಪಳಾ ಸುರು ಆದ್ರ ನಮ್ಮಪ್ಪ ಸುಮ್ಮನ ಕೂಡೂದು ಹ್ಯಾಂಗ?” ಸಾವ್ಕಾರರ ವ್ಯವಸ್ಥೆಯಲ್ಲಿ ನೇಕಾರರ ಪಾಲಿಗೆ ಕಷ್ಟವೂ ಸಾಕಷ್ಟಿತ್ತು, ಅದನ್ನು ಹೊಗಳಲು ಹೊರಟಿಲ್ಲ. ಆದರೆ ಕುಣಿಮಗ್ಗದ ಮುಂದೆ ಕುಳಿತವರಿಗೂ ಹೊರಗೊಬ್ಬರು ಕಾದಿದ್ದರು, ಅಕ್ಕಪಕ್ಕದಲ್ಲಿ ಸದ್ದಿತ್ತು. ಮನಸ್ಸಿನ ಗಟ್ಟಿತನ ಒಂದನ್ನೇ ನೆಚ್ಚಿ ಅವರು ನೇಯುತ್ತಿರಲಿಲ್ಲ.

ಕನ್ನಡ ಬಿ.ಎ. ಓದುವಾಗ ನಮಗೆ ಗಳಗನಾಥರ ಪರಿಚಯವಾಗಿತ್ತು. ವೆಂಕಟೇಶ ತಿರಕೋ ಕುಲಕರ್ಣಿ, 1869ರಿಂದ 1942ರವರೆಗೆ ಬಾಳಿದವರು. ಕಾದಂಬರಿ ಬರೆದು, ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಗಾಗಿ ದುಡಿದು, ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ಆಗ ನಾವು ಅವರ ತ್ಯಾಗದ ಬಗ್ಗೆ ಹತ್ತು ಅಂಕದ ಪ್ರಶ್ನೆಗೆ ಉತ್ತರ ಬರೆದೆವು. ಈಗ ನನಗೆ ಅವರ ಕೆಲಸದ ಕ್ರಮ ಕಾಣುತ್ತದೆ. ತಿಂಗಳಿಗೊಮ್ಮೆ ಸಂಚಿಕೆ ಹೊರಡಲೇಬೇಕು, ಓದುವವರು ಕಾದಿರುತ್ತಾರೆ. ಗಂಟು ಹೊತ್ತು ಹೋದರೆ, ಓದಿದವರು ಎದುರಿಗೇ ಸಿಗುತ್ತಾರೆ. ನಾನು ಹೇಳಬೇಕೆಂದಿರುವುದೂ ಇದೇ: ಒಬ್ಬರೇ ದುಡಿಯುವವರಲ್ಲಿ ಕಡಿಮೆಯಾಗುವುದು ಛಲವಲ್ಲ, ಕೇಳುವವರು. ಅವರನ್ನು ನಾವೇ ಏರ್ಪಾಟು ಮಾಡಿಕೊಳ್ಳಬೇಕು.

ಹೇಗೆ ಎಂಬುದು ಆಯಾ ಕೆಲಸದೊಳಗೇ ಇರುತ್ತದೆ. ಹೊಲಿಗೆಯನ್ನೇ ನೋಡಿ. ಬ್ಲೌಸ್ ಹೊಲಿಯುವುದು ಒಂದು ಕೆಲಸವಲ್ಲ, ಮೂರು. ಕತ್ತರಿಸುವುದು ತಲೆಯ ಕೆಲಸ. ಅಲ್ಲಿ ತಪ್ಪಿದರೆ ಗ್ರಾಹಕರ ರೇಷ್ಮೆ ಸೀರೆಯ ಬ್ಲೌಸ್ ಪೀಸು ಹೋಯಿತೆಂದೇ ಅರ್ಥ. ಮಷಿನ್ ಕೆಲಸ ಕೈಕಾಲಿನದು. ಹುಕ್ಕು, ಕಾಜಾ, ಹೆಮ್ಮಿಂಗ್, ಸೀರೆಗೆ ಫಾಲ್ ಇವೆಲ್ಲ ಸೂಜಿಯ ಕೆಲಸ, ಮಾತಾಡುತ್ತಲೂ ಮಾಡಬಹುದು. ಈ ಸೋದರಿ ಒಂದು ಬ್ಲೌಸನ್ನು ಹಿಡಿದರೆ ಕತ್ತರಿಸುವುದರಿಂದ ಹುಕ್ಕಿನವರೆಗೆ ಅದನ್ನೇ ಮುಗಿಸಿ ಇನ್ನೊಂದಕ್ಕೆ ಹೋಗುತ್ತಿದ್ದರು. ಪ್ರತಿ ಸಲವೂ ಟೇಬಲ್ ಖಾಲಿ ಮಾಡಬೇಕು, ದಾರ ಬದಲಿಸಬೇಕು, ಕತ್ತರಿ ಹುಡುಕಬೇಕು. ಈಗ ಬೆಳಗಿನ ಬೆಳಕಿನಲ್ಲಿ ಮೂರು ಬ್ಲೌಸ್ ಒಟ್ಟಿಗೆ ಕತ್ತರಿಸುತ್ತಾರೆ. ಒಂದೇ ಬಣ್ಣದ ದಾರದವನ್ನು ಒಟ್ಟಿಗೆ ಮಷಿನ್‌ಗೆ ಹಾಕುತ್ತಾರೆ. ಸೂಜಿಯ ಕೆಲಸವೆಲ್ಲ ರಾತ್ರಿ ಊಟದ ನಂತರ, ಮಗಳು ಪಕ್ಕದಲ್ಲಿ ಕುಳಿತು ಹೋಂವರ್ಕ್ ಮಾಡುವಾಗ. ತಲೆ ಚುರುಕಾಗಿರುವ ಹೊತ್ತನ್ನು ಹುಕ್ಕು ಹಚ್ಚಲು ಖರ್ಚು ಮಾಡಿ, ದಣಿದ ಮೇಲೆ ಕತ್ತರಿ ಹಿಡಿಯುವ ತಪ್ಪನ್ನು ನಾವೆಲ್ಲ ಮಾಡುತ್ತೇವೆ. ನಾನು ಬೆಳಗ್ಗೆ ಎದ್ದ ಕೂಡಲೇ ವಾಟ್ಸಾಪ್ ನೋಡುವುದು ಅದೇ ಜಾತಿಯದು.

ಬೆಳಗ್ಗೆ ಶುರು ಮಾಡುವುದೇ ದೊಡ್ಡ ಕಷ್ಟವೆಂದರಲ್ಲ, ಅದಕ್ಕೆ ಮದ್ದು ಹಿಂದಿನ ರಾತ್ರಿಯಲ್ಲಿದೆ. ಹತ್ತಿಯ ಅಸ್ತರ್ ಬಟ್ಟೆಯನ್ನು ನೆನೆಸಿ ಒಣಗಿಸಿಯೇ ಕತ್ತರಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ ಬ್ಲೌಸ್ ಬಿಗಿಯಾಗುತ್ತದೆ. ಅವರು ಈಗ ಮಲಗುವ ಮುನ್ನ ಮಾರನೆಯ ದಿನದ ಅಸ್ತರ್ ನೆನೆಸಿ ಹಿಂಡಿ ಹರವುತ್ತಾರೆ, ಎರಡು ಬಾಬಿನ್ ತುಂಬಿಸಿಡುತ್ತಾರೆ, ಮೊದಲ ಬ್ಲೌಸಿನ ಅಳತೆ ಚೀಟಿಯನ್ನು ಬಟ್ಟೆಗೆ ಪಿನ್ ಮಾಡಿ ಮಷಿನ್ ಮೇಲೆ ಇಡುತ್ತಾರೆ. ಬೆಳಗ್ಗೆ ಏನು ಮಾಡಲಿ ಎಂಬ ಪ್ರಶ್ನೆಯೇ ಇಲ್ಲ. ಯಾವಾಗ ಎಂಬುದನ್ನೂ ಗಟ್ಟಿ ಮಾಡಿದೆವು. ಒಂಬತ್ತಕ್ಕೆ ಎಂದರೆ ಗಡಿಯಾರ ನೋಡಿ ಇನ್ನೂ ಐದು ನಿಮಿಷ ಎನ್ನುತ್ತೇವೆ. “ಮಗಳನ್ನು ಶಾಲೆಯ ರಿಕ್ಷಾ ಹತ್ತಿಸಿ ಮನೆಗೆ ಬಂದ ಮೇಲೆ ಚಪ್ಪಲಿ ಬಿಟ್ಟು ನೇರ ಮಷಿನ್ ಹತ್ತಿರ” ಎಂದು ಗೊತ್ತು ಮಾಡಿದರು. ಪೀಟರ್ ಗೋಲ್ವಿಟ್ಸರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಇದನ್ನು ಮಾಡುತ್ತೇನೆ ಎಂದು ಸಂಕಲ್ಪ ಮಾಡಿದವರಿಗಿಂತ, ಇಂಥದ್ದು ಆದಾಗ ಇಂಥ ಜಾಗದಲ್ಲಿ ಇದನ್ನು ಮಾಡುತ್ತೇನೆ ಎಂದು ಮೊದಲೇ ಗೊತ್ತುಪಡಿಸಿಕೊಂಡವರು ಕೆಲಸವನ್ನು ಹೆಚ್ಚಾಗಿ ಮುಗಿಸುತ್ತಾರೆಂದು ಅವರು ತೋರಿಸಿದರು. ನಮ್ಮ ಅಜ್ಜಿಯರು ಸ್ನಾನವಾದ ಮೇಲೆ ತುಳಸಿಗೆ ನೀರು ಎಂದಿದ್ದರಲ್ಲ, ಅದೇ ರೀತಿ.

ಇನ್ನು ಅಡ್ಡಿಗಳ ಮಾತು. ಮನೆಯಲ್ಲಿ ದುಡಿಯುವ ಹೆಂಗಸರೆಲ್ಲ ಕೇಳಿರುವ ಒಂದು ವಾಕ್ಯವಿದೆ: ಮನೇಲೇ ಇರ್ತೀಯಲ್ಲ. ಗ್ಯಾಸ್ ಸಿಲಿಂಡರ್ ಬಂದರೆ ತೆಗೆದುಕೊ, ಪಕ್ಕದ ಮನೆಯ ಕೀಲಿ ಇಟ್ಟುಕೊ, ಊರಿಂದ ಬಂದವರನ್ನು ಕುರ್ಲಾದಿಂದ ಕರೆತಾ. ಹೇಳುವವರು ಕೆಟ್ಟವರಲ್ಲ. ಮನೆಯೊಳಗೆ ನಡೆಯುವುದು ಅವರ ಕಣ್ಣಿಗೆ ಕೆಲಸವಾಗಿ ಕಾಣುವುದಿಲ್ಲ, ಅಷ್ಟೆ. ಇದು ನಮ್ಮ ಚಾಳಿನ ಸಮಸ್ಯೆ ಮಾತ್ರವೂ ಅಲ್ಲ. 1972ರಲ್ಲಿ ಇಳಾ ಭಟ್ಟರು ಅಹಮದಾಬಾದಿನಲ್ಲಿ ‘ಸೇವಾ’ ಸಂಘಟನೆ ಕಟ್ಟಿದಾಗ, ಯಜಮಾನನೇ ಇಲ್ಲದ ಈ ಹೆಂಗಸರದ್ದು ಕಾರ್ಮಿಕ ಸಂಘ ಹೇಗಾಗುತ್ತದೆ ಎಂಬ ಆಕ್ಷೇಪ ಎದುರಿಸಬೇಕಾಯಿತು. ಮನೆಯಲ್ಲಿ ದುಡಿಯುವವರೂ ಕಾರ್ಮಿಕರೇ ಎಂದು ಒಪ್ಪಿಸಲು ಅವರು ಬಹಳ ಹೋರಾಡಿದರು. ನಮ್ಮ ಮನೆಯವರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವೆಂದು ಕೆಲವರು ಹೇಳಬಹುದು!

ಸ್ಟುಡಿಯೋದ ಕೆಂಪು ದೀಪದ ಬಗ್ಗೆ ಹೇಳಿದಾಗ ಈ ಸೋದರಿ ತಾವೇ ಒಂದು ಉಪಾಯ ಕಂಡುಕೊಂಡರು. ಹಳೆಯ ಕೆಂಪು ದುಪಟ್ಟಾ ಒಂದನ್ನು ಬಾಗಿಲ ಚಿಲಕಕ್ಕೆ ಕಟ್ಟಿದರು. ಅದು ಇರುವಷ್ಟು ಹೊತ್ತು ಹೊಲಿಗೆ ನಡೆದಿದೆ, ಬೆಂಕಿ ಬಿದ್ದ ಹೊರತು ಬಾಗಿಲು ಬಡಿಯುವಂತಿಲ್ಲ. ಮೊದಲ ವಾರ ಚಾಳಿನವರೆಲ್ಲ ನಕ್ಕರು. ಅತ್ತೆಗೆ ಸ್ವಲ್ಪ ಬೇಸರವೂ ಆಯಿತು. ಅಳತೆಗೆ, ಟ್ರಯಲ್‌ಗೆ, ಬಟ್ಟೆ ಒಯ್ಯಲಿಕ್ಕೆ ಸಂಜೆ ಐದರಿಂದ ಏಳು ಎಂದು ಮರಾಠಿಯಲ್ಲೂ ಕನ್ನಡದಲ್ಲೂ ಬರೆದು ಅಂಟಿಸಿದರು. ಗ್ರಾಹಕರು ಕಡಿಮೆಯಾಗುತ್ತಾರೆಂದು ಭಯವಿತ್ತು. ಹಾಗಾಗಲಿಲ್ಲ, ಹೋದರೆ ಟೇಲರ್ ಸಿಗುತ್ತಾರೆ ಎಂಬ ಖಾತ್ರಿ ಅವರಿಗೂ ಬೇಕಾಗಿತ್ತು. ಎಂಟು ದಿನದ ಮಾತನ್ನು ಬಿಟ್ಟು, ಪ್ರತಿಯೊಬ್ಬರಿಗೂ ಚೀಟಿಯಲ್ಲಿ ತಾರೀಖು ಬರೆದುಕೊಡತೊಡಗಿದರು, ದಿನಕ್ಕೆ ಮೂರಕ್ಕಿಂತ ಹೆಚ್ಚಿಗೆ ಒಂದೇ ತಾರೀಖಿಗೆ ಬಾರದಂತೆ. ಹೀಗೆ ದಿನವೂ ಸಂಜೆ ಐದಕ್ಕೆ ಬಾಗಿಲಲ್ಲಿ ಯಾರೋ ಕಾದಿರುತ್ತಾರೆ.

ಇಷ್ಟಾದರೂ ಮೂರನೆಯ ಬಾರಿ ಫೋನ್ ಮಾಡಿದಾಗ ಅವರ ದನಿ ಸಪ್ಪಗಿತ್ತು. ಬೂಟಿಕ್ ಒಂದರ ಬ್ಲೌಸ್‌ಗಳು ಮುಂದೆ ಇದ್ದವು, ಅವನ್ನು ಮಾತ್ರ ಮುಟ್ಟಲು ಮನಸ್ಸಿಲ್ಲ. ಯಾಕೆ? ಕೇಳುತ್ತಾ ಹೋದಂತೆ ಗೊತ್ತಾಯಿತು, ಆ ಬೂಟಿಕ್ ಮೂರು ತಿಂಗಳಿಂದ ಹಣವನ್ನೇ ಕೊಟ್ಟಿರಲಿಲ್ಲ. ಬರಬೇಕಾದ ಬಾಕಿಯನ್ನು ಒಂದು ಹಾಳೆಯಲ್ಲಿ ಬರೆಯಿರಿ ಎಂದೆ. ಬೂಟಿಕ್‌ನದು 18,600 ರೂಪಾಯಿ. ಅಕ್ಕಪಕ್ಕದವರದು, ‘ಆಮೇಲೆ ಕೊಡ್ತೀನಿ’ ಎಂದವರದು ಒಟ್ಟು 4,200. ಒಂದು ಅಸ್ತರ್ ಬ್ಲೌಸಿಗೆ ಅವರ ಮಜೂರಿ 350 ರೂಪಾಯಿ. ಆ ಲೆಕ್ಕದಲ್ಲಿ 65 ಬ್ಲೌಸಿನ ದುಡಿಮೆ ಊರಲ್ಲಿ ಹರಡಿಕೊಂಡಿತ್ತು. ನನಗನ್ನಿಸುತ್ತದೆ, ಉತ್ಸಾಹ ಇಲ್ಲ ಎಂದು ನಾವು ಹೇಳುವಾಗ ಎಷ್ಟೋ ಸಲ ಅದರ ಅರ್ಥ ಬಾಕಿ ಬಂದಿಲ್ಲ ಎಂದೇ ಇರುತ್ತದೆ. ಸ್ಫೂರ್ತಿಯ ಭಾಷಣ ಮಾಡುವವರು ಈ ವಿಷಯಕ್ಕೆ ಬರುವುದೇ ಇಲ್ಲ.

ಇಲ್ಲಿ ಕಾನೂನಿನ ಒಂದು ಮಾತು ಎಲ್ಲರಿಗೂ ತಿಳಿದಿರಲಿ. 2006ರ ಎಂ.ಎಸ್.ಎಂ.ಇ. ಅಭಿವೃದ್ಧಿ ಕಾಯ್ದೆಯ ಪ್ರಕಾರ, ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಸರಕು ಅಥವಾ ಸೇವೆ ಪಡೆದವರು, ಬರಹದಲ್ಲಿ ಒಪ್ಪಂದವಿದ್ದರೆ ಆ ದಿನದೊಳಗೆ, ಆದರೆ ಯಾವ ಕಾರಣಕ್ಕೂ 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆಯ ಬದಲಾವಣೆಯಿಂದ, ಈ ಅವಧಿ ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವವರು ನಿಜವಾಗಿ ಪಾವತಿ ಮಾಡುವವರೆಗೆ ತಮ್ಮ ಖರ್ಚೆಂದು ತೋರಿಸುವಂತಿಲ್ಲ. ಅವರ ಲೆಕ್ಕಪತ್ರ ಬರೆಯುವವರಿಗೆ ಈ ಮಾತು ಚೆನ್ನಾಗಿ ಗೊತ್ತಿರುತ್ತದೆ. ಇದರ ಪ್ರಯೋಜನ ಬೇಕಾದರೆ ‘ಉದ್ಯಮ್’ ನೋಂದಣಿಯನ್ನು ಮೊದಲೇ ಮಾಡಿಸಿಕೊಂಡಿರುವುದು ಕ್ಷೇಮ. 2020ರ ಜುಲೈ 1ರಿಂದ ಇರುವ ಈ ವ್ಯವಸ್ಥೆಯಲ್ಲಿ ಒಬ್ಬರೇ ನಡೆಸುವ ಮನೆಯ ಕಸುಬಿಗೂ ಆಧಾರ್ ಸಂಖ್ಯೆಯ ಮೇಲೆ ನೋಂದಣಿ ಆಗುತ್ತದೆ. ಸರ್ಕಾರದ ತಾಣದಲ್ಲಿ ಇದಕ್ಕೆ ಶುಲ್ಕವಿಲ್ಲ. ಅದರಂತೆಯೇ ಕಾಣುವ ಖಾಸಗಿ ತಾಣಗಳು ಹಣ ಕೇಳುತ್ತವೆ, ಎಚ್ಚರ. ದೂರು ಕೊಡಲು ಸರ್ಕಾರದ ತಾಣವೂ, ರಾಜ್ಯಗಳಲ್ಲಿ ಇದಕ್ಕೆಂದೇ ಮಂಡಳಿಗಳೂ ಇವೆ. ಪಕ್ಕದ ಮನೆಯವರ 350 ರೂಪಾಯಿಗೆ ಈ ಕಾಯ್ದೆ ಹಿಡಿದು ಹೊರಟರೆ ನಾಳೆ ಸಕ್ಕರೆ ಕಡ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಅವರಿಗೆ ಅಳತೆ ತೆಗೆಯುವಾಗಲೇ ಅರ್ಧ ಮುಂಗಡ ಎಂದು ಗೊತ್ತುಮಾಡಿದರು.

ಬೂಟಿಕ್‌ಗೆ ಜಗಳದ ಪತ್ರವೇನೂ ಬರೆಯಲಿಲ್ಲ. ಉದ್ಯಮ್ ಸಂಖ್ಯೆ ಬಂದ ಮೇಲೆ, ಹೊಸ ಬಿಲ್ಲಿನ ತಲೆಯ ಮೇಲೆ ಅದನ್ನು ಬರೆದು, ಕೆಳಗೆ ಪಾವತಿಯ ಕೊನೆಯ ದಿನ ಹಾಕಿದರು. ಹಳೆಯ ಬಾಕಿ ತೀರುವವರೆಗೆ ಹೊಸ ಬಟ್ಟೆ ಮುಟ್ಟುವುದಿಲ್ಲ ಎಂದು ನಯವಾಗಿ ಹೇಳಿದರು. ಹೇಳುವ ಹಿಂದಿನ ರಾತ್ರಿ ನಿದ್ದೆ ಬರಲಿಲ್ಲವಂತೆ.

ಹಣದ ಇನ್ನೊಂದು ಮುಖ ಋತುವಿನದು. ಹೊಲಿಗೆಯವರಿಗೆ ಶ್ರಾವಣದಿಂದ ದೀಪಾವಳಿಯವರೆಗೆ, ಆಮೇಲೆ ಮದುವೆಯ ದಿನಗಳಲ್ಲಿ ಉಸಿರಾಡಲು ಬಿಡುವಿಲ್ಲ. ಆಷಾಢದಲ್ಲಿ ಮುಂಬಯಿ ಮಳೆಯ ಜೊತೆ ಅಂಗಡಿಯೂ ನೆನೆದು ಕೂರುತ್ತದೆ. ಅವರು ನನಗೆ ಮೊದಲು ಫೋನ್ ಮಾಡಿದ್ದೂ ಆಷಾಢದಲ್ಲೇ. ಕೆಲಸವೇ ಕಡಿಮೆ ಇರುವ ತಿಂಗಳಲ್ಲಿ ತನ್ನನ್ನು ತಾನು ಅಳೆದುಕೊಂಡರೆ ಯಾರಾದರೂ ಮೈಗಳ್ಳರಾಗಿಯೇ ಕಾಣುತ್ತಾರೆ. ಬೇರೆ ಬ್ಯಾಂಕ್ ಖಾತೆ ತೆರೆದು, ಬಂದದ್ದೆಲ್ಲ ಅಲ್ಲಿಗೆ ಹಾಕಿ, ಪ್ರತಿ ತಿಂಗಳ 7ಕ್ಕೆ ತಮಗೆ ತಾವೇ ಒಂದೇ ಮೊತ್ತದ ಸಂಬಳ ತೆಗೆದುಕೊಳ್ಳುವ ಏರ್ಪಾಟು ಮಾಡಿಕೊಂಡರು. ಗಾರ್ಮೆಂಟಿನಲ್ಲೂ ಅವರಿಗೆ ಸಂಬಳ 7ಕ್ಕೇ ಆಗುತ್ತಿತ್ತು.

ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂಬುದನ್ನು ಮಾತ್ರ ನಾವಿಬ್ಬರೂ ಇನ್ನೂ ಕಲಿಯುತ್ತಿದ್ದೇವೆ. ಗಾರ್ಮೆಂಟಿನಲ್ಲಿ ಗಂಟೆ ಬಾರಿಸಿದರೆ ಎದ್ದು ಹೋಗಬಹುದಿತ್ತು. ಮನೆಯಲ್ಲಿ ಮಷಿನ್ ಕಣ್ಣೆದುರೇ ಇರುತ್ತದೆ, ಹನ್ನೊಂದು ಗಂಟೆಗೂ ಇನ್ನೊಂದು ಮುಗಿಸಲೇ ಅನ್ನಿಸುತ್ತದೆ. ಶರಣರ ಕತೆಗಳಲ್ಲಿ ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಇಷ್ಟು ನಮಗೇಕೆ ಎಂದು ಲಕ್ಕಮ್ಮ ಮಿಕ್ಕದ್ದನ್ನು ಹಿಂದಕ್ಕೆ ಕಳಿಸುತ್ತಾಳೆ. ಅದನ್ನು ದುರಾಸೆಯ ವಿರುದ್ಧದ ಕತೆಯೆಂದು ಕಲಿತಿದ್ದೇವೆ. ರಾತ್ರಿ ಹನ್ನೊಂದಕ್ಕೆ ದನಿ ಒಡೆದುಕೊಂಡು ಮರುಮುದ್ರಣ ಮಾಡುವಾಗ ನನಗೆ ನೆನಪಾಗುವುದು ಅವಳ ಲೆಕ್ಕ: ಇವತ್ತಿಗೆ ಎಷ್ಟು ಬೇಕೆಂದು ಅವಳಿಗೆ ಬೆಳಗ್ಗೆಯೇ ಗೊತ್ತಿತ್ತು. ನಮ್ಮ ಸೋದರಿ ದಿನಕ್ಕೆ ಮೂರು ಬ್ಲೌಸ್ ಎಂದು ಗೆರೆ ಎಳೆದಿದ್ದಾರೆ, ಭಾನುವಾರ ಮಷಿನ್‌ಗೆ ಬಟ್ಟೆ ಹೊದಿಸುತ್ತಾರೆ. ನವರಾತ್ರಿಯಲ್ಲಿ ಆ ಗೆರೆ ಅಳಿಸಿಹೋಯಿತು, ಬೆನ್ನು ನೋವು ಬಂದು ಎರಡು ದಿನ ಮಲಗಿದರು.

ದಸರೆ ಮುಗಿದ ಮೇಲೆ ಮತ್ತೆ ಫೋನ್ ಬಂತು. ಬೂಟಿಕ್‌ನವರು ಅರ್ಧ ಹಣ ಕೊಟ್ಟಿದ್ದಾರೆ, ಉಳಿದದ್ದಕ್ಕೆ ತಾರೀಖು ಹೇಳಿದ್ದಾರೆ. ಬಳೆ ಇನ್ನೂ ಬಿಡಿಸಿಲ್ಲ, ಸಂಕ್ರಾಂತಿ ಹೊತ್ತಿಗೆ ನೋಡೋಣ ಎಂದರು. ಅದೇ ಚಾಳಿನ ಇನ್ನೊಬ್ಬಾಕೆ ಮಧ್ಯಾಹ್ನ ತಮ್ಮ ಮಷಿನನ್ನೂ ಇವರ ಮನೆಗೇ ತಂದಿಟ್ಟುಕೊಂಡು ಹೊಲಿಯುತ್ತಿದ್ದಾರಂತೆ. ಇಬ್ಬರ ಗ್ರಾಹಕರೂ ಬೇರೆ, ಲೆಕ್ಕವೂ ಬೇರೆ, ಸಪ್ಪಳ ಮಾತ್ರ ಜೊತೆಗೆ. ಗಾರ್ಮೆಂಟಿನ ಮಾತು ಎತ್ತಲೇ ಇಲ್ಲ. ಕೊನೆಗೆ, “ಅಕ್ಕಾರ, ನಾವು ಹುಕ್ಕು ಹಚ್ಚೂದು ರಾತ್ರಿ ಒಂಬತ್ತಕ್ಕ. ನಿಮ್ಮ ಕಾರ್ಯಕ್ರಮ ಆ ಹೊತ್ತಿಗೆ ಬರೂವಂಗ ಮಾಡ್ರಿ” ಎಂದರು. ಸಮಯ ಬದಲಿಸುವುದು ನನ್ನ ಕೈಯಲ್ಲಿಲ್ಲ ಎಂದು ಹೇಳಿದೆ. ಆದರೆ ಕೋರಿಕೆಯನ್ನು ಬರೆದು ಮೇಲಿನವರ ಮೇಜಿನ ಮೇಲೆ ಇಟ್ಟಿದ್ದೇನೆ.